ಸಂಖ್ಯೆ ಇನ್ನೂರ ಹನ್ನೆರಡು: ತುದಿ ಮುರಿದ ಕತ್ತಿ

ಜಟ್ಟಪ್ಪನವರ ಮಣಿಕಟ್ಟು ಮುರಿದವಳು ನಾನೇ. ಒನಕೆಯಲ್ಲಿ ಹೊಡೆದೆ. ಅದಕ್ಕೆ ನನಗೆ ಇವತ್ತಿಗೂ ಬೇಜಾರಿಲ್ಲ, ಒನಕೆ ಸೀಳಿತಲ್ಲ ಅಂತ ಮಾತ್ರ ಬೇಜಾರಿದೆ. ಅದು ನಮ್ಮ ಸಂಗ್ರಹದ ಮೂವತ್ತೇಳನೇ ವಸ್ತುವಾಗಿತ್ತು, ಬೈನೆ ಮರದ್ದು, ಅಷ್ಟು ಒಳ್ಳೆಯದು ಇನ್ನೊಂದು ಸಿಗುವುದಿಲ್ಲ.

ಅದು 2008ನೇ ಇಸವಿ. ನಾನು ಆಸಿಫಾ. ಕೊಪ್ಪದಲ್ಲಿ ಕೊಡೆ ರಿಪೇರಿ ಮಾಡುವ ಸಿರಾಜುದ್ದೀನರ ಮಗಳು. ಬಸ್ ಸ್ಟ್ಯಾಂಡಿನಿಂದ ಮೇಲೆ ಹತ್ತಿದರೆ ಸುಬ್ಬರಾಯ ಮೇಷ್ಟ್ರು ಕಟ್ಟಿಸಿದ ವಾಚನಾಲಯ ಇತ್ತು. ಕೆಳಗೆ ಪುಸ್ತಕ, ಪೇಪರು. ಮಹಡಿಯಲ್ಲಿ ಮೇಷ್ಟ್ರು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲೂಕು ತಿರುಗಿ ಮನೆಮನೆಯ ಅಟ್ಟದಿಂದ ಇಳಿಸಿ ತಂದ ಹಳೇ ಸಾಮಾನು. ಅದನ್ನೆಲ್ಲ ಇಂಟರ್‌ನೆಟ್ಟಿಗೆ ಹಾಕುವುದು ನನ್ನ ಕೆಲಸ.

ನನಗಿಂತ ಮೊದಲು ಯಾರೋ ಹಾಕಿದ್ದರು. ಏನು ಹಾಕಿದ್ದರೋ, ನೋಡಿದರೆ ಮೈ ಉರಿಯುತ್ತಿತ್ತು. ಹೆಬ್ಬೆರಳಷ್ಟು ಫೋಟೋ, ಅದೂ ಮಸುಕು. ಕೆಳಗೆ "ಕತ್ತಿ" ಅಂತ ಒಂದು ಶಬ್ದ. ಹೀಗೆ ಹನ್ನೊಂದು ಕತ್ತಿ, ಹನ್ನೊಂದಕ್ಕೂ ಅದೇ ಶಬ್ದ. ಯಾರ ಮನೆಯದು, ಯಾರು ಹಿಡಿದದ್ದು, ಎಷ್ಟು ಉದ್ದ, ಒಂದೂ ಇಲ್ಲ. ನಾನು ಎಲ್ಲವನ್ನೂ ಕಿತ್ತುಹಾಕಿ ಮೊದಲಿಂದ ಶುರುಮಾಡಿದೆ. ಪ್ರತಿ ವಸ್ತುವಿನ ಪಕ್ಕ ಒಂದು ಸ್ಕೇಲು ಇಟ್ಟು ಫೋಟೋ, ಎರಡೂ ಮಗ್ಗುಲಿನದು. ಕೆಳಗೆ ದಾನಿಯ ಹೆಸರು, ಬಳಸಿದವರ ಹೆಸರು, ಮಾಹಿತಿ ಕೊಟ್ಟವರ ಹೆಸರು.

"ಇಷ್ಟೆಲ್ಲ ಯಾರು ನೋಡ್ತಾರೆ ಮಾರಾಯ್ತಿ?" ಅಂದರು ಮೇಷ್ಟ್ರು.

ಅದೂ ನಿಜವೇ. ಈ ಸಾಮಾನಿನ ಹೆಸರು ಗೊತ್ತಿದ್ದ ಮುದುಕಿಯರು ಕಂಪ್ಯೂಟರಿನ ಮುಂದೆ ಕೂರುವವರಲ್ಲ. ಹಾಗಾಗಿ ನಾನೇ ಹೊರಟೆ. ಸ್ಕೇಲಿನ ಒಂದು ಇಂಚು ಕಾಗದದಲ್ಲೂ ಒಂದೇ ಇಂಚು ಬರುವ ಹಾಗೆ, ವಸ್ತು ಇದ್ದಷ್ಟೇ ದೊಡ್ಡದಾಗಿ ಪ್ರಿಂಟ್ ತೆಗೆದು, ಹಾಳೆಗಳನ್ನು ಅಂಟಿಸಿ, ಸುರುಳಿ ಸುತ್ತಿ ಬಗಲಲ್ಲಿಟ್ಟುಕೊಂಡು ಬಸ್ ಹತ್ತುತ್ತಿದ್ದೆ.

ಒಂದು ಶನಿವಾರ ಬಾಳೆಹೊನ್ನೂರಿನ ಹೆಂಗಸರ ಸಂಘಕ್ಕೆ ಹೋದೆ. ಜಮಖಾನದ ಮೇಲೆ ಹಾಳೆ ಹರಡಿದೆ. ಎಲ್ಲರೂ ಮುಗಿಬಿದ್ದು "ಇದು ನಮ್ಮಜ್ಜಿದು ಇದ್ದ ಹಾಗೇ ಇದೆ" ಅಂತ ಗಲಾಟೆ ಮಾಡುತ್ತಿರುವಾಗ ಒಬ್ಬರು ಮಾತ್ರ ಒಂದೇ ಹಾಳೆಯ ಮುಂದೆ ಕೂತುಬಿಟ್ಟರು. ಐವತ್ತರ ಆಸುಪಾಸು, ಕಾಫಿ ಬೀಜ ಆರಿಸುವ ಕೆಲಸದವರು, ಹೆಸರು ಪ್ರೇಮಕ್ಕ. ಅವರ ಮುಂದಿದ್ದದ್ದು ಸಂಖ್ಯೆ ಇನ್ನೂರ ಹನ್ನೆರಡು, ತುದಿ ಮುರಿದ ಕತ್ತಿ.

ಅವರು ಎಲೆಅಡಿಕೆ ಸಂಚಿ ಬಿಚ್ಚಿದರು. ಸುಣ್ಣದ ಡಬ್ಬಿಯ ಕೆಳಗಿಂದ ಬಟ್ಟೆಯ ಗಂಟು ತೆಗೆದರು. ಅದರೊಳಗೆ ಎರಡು ಬೆರಳಗಲದ ಕಬ್ಬಿಣದ ಚೂರು. ಅದನ್ನು ಕಾಗದದ ಮೇಲೆ, ಮುರಿದ ಜಾಗಕ್ಕೆ ಇಟ್ಟರು. ಕೂತಿತು. ಮುರಿದ ಗೆರೆಯಲ್ಲಿ ಒಂದು ಸಣ್ಣ ಹಲ್ಲಿನಂಥ ಏರು ಇತ್ತು, ಚೂರಿನಲ್ಲಿ ಅದಕ್ಕೆ ಸರಿಯಾದ ಕಚ್ಚು.

"ಇದು ನಿಮಗೆ ಎಲ್ಲಿ ಸಿಕ್ತು ಪ್ರೇಮಕ್ಕ?"

"ಗಂಡನ ಬೂದೀಲಿ," ಅಂದರು.

ಹತ್ತೊಂಬತ್ತು ವರ್ಷದ ಹಿಂದೆ ಕಡಹಿನಬೈಲಿನಲ್ಲಿ ಅವರ ಗಂಡ ಸುಬ್ಬಯ್ಯನನ್ನು ಗದ್ದೆಯ ಕಾಲುವೆಯ ಹತ್ತಿರ ಯಾರೋ ಹಿಂದಿನಿಂದ ಕಡಿದುಹಾಕಿದ್ದರು. ಮೂರನೇ ದಿನ ಮೂಳೆ ಆರಿಸಲು ಹೋದಾಗ ಬೆನ್ನುಮೂಳೆಯ ನಡುವೆ ಈ ಚೂರು ಸಿಕ್ಕಿತು. ಕೊಯ್ದು ನೋಡಿದ ಡಾಕ್ಟರಿಗೆ ಕಂಡಿರಲಿಲ್ಲ. ಪೊಲೀಸರಿಗೆ ತೋರಿಸಿದರೆ ಸೌದೆಯಲ್ಲಿದ್ದ ಯಾವುದೋ ಕಬ್ಬಿಣದ ತುಂಡು ಇರಬೇಕು ಅಂದರಂತೆ. ಅಷ್ಟು ಹೊತ್ತಿಗೆ ಅವರು ಪ್ರೇಮಕ್ಕನ ಅಣ್ಣ ತಿಮ್ಮಪ್ಪನನ್ನು ಹಿಡಿದಾಗಿತ್ತು. ಭಾವನಿಗೂ ಅವನಿಗೂ ಹಿಂದಿನ ವಾರ ಜಗಳವಾಗಿತ್ತು. ಅವನ ಕತ್ತಿ ಮನೆಯಲ್ಲಿರಲಿಲ್ಲ. ಕಳೆದುಹೋಗಿದೆ ಅಂದ. ಭದ್ರೆಗೆ ಎಸೆದಿದ್ದಾನೆ ಅಂದರು ಪೊಲೀಸರು.

"ನಾನೇ ಸಾಕ್ಷಿ ಹೇಳ್ದೆ," ಅಂದರು ಪ್ರೇಮಕ್ಕ. "ಅವನಿಗೆ ಸಿಟ್ಟು ಬಂದ್ರೆ ಕೈ ತಡೆಯಲ್ಲ, ಅವನೇ ಕಡ್ದಿದ್ದು ಅಂತ ಕೋರ್ಟಲ್ಲಿ ನಿಂತು ಹೇಳ್ದೆ. ಹದಿನಾಲ್ಕು ವರ್ಷ ಜೈಲಲ್ಲಿದ್ದ. ಈ ಚೂರು ಅವನ ಕತ್ತೀದೇ ಅಂದ್ಕೊಂಡು ದಿನಾ ಇದನ್ನ ಕೈಯಲ್ಲಿ ಹಿಡಿದು ಶಾಪ ಹಾಕಿದ್ದೀನಿ."

ಇನ್ನೊಂದು ಮಗ್ಗುಲಿನ ಹಾಳೆ ತೋರಿಸಿದೆ. ಹಿಡಿಯ ಹತ್ತಿರ ಅಲಗಿನ ಮೇಲೆ ಮೂರು ಚುಕ್ಕೆ, ಒಂದು ಗೀಟು. ಆಳುಗಳ ಕತ್ತಿ ಅದಲುಬದಲಾಗಬಾರದೆಂದು ಒಂದೊಂದು ಮನೆಯವರು ಆಚಾರಿಯ ಹತ್ತಿರ ಒಂದೊಂದು ಗುರುತು ಹೊಡೆಸುತ್ತಿದ್ದರು. ಪ್ರೇಮಕ್ಕ ಆ ಗುರುತಿನ ಮೇಲೆ ಬೆರಳಿಟ್ಟು ಅಲ್ಲೇ ಕೂತರು.

"ಜಟ್ಟಪ್ಪನ ಮನೇದು. ನಮ್ಮ ಪಕ್ಕದ ಗದ್ದೆಯೋನು, ಕಾಲುವೆ ನೀರಿಗೆ ನಮ್ಮೋರ ಜೊತೆ ತಕರಾರಿತ್ತು," ಅಂದರು. "ಅವತ್ತು ನನ್ನ ಕೈ ಹಿಡ್ಕೊಂಡು ಪೊಲೀಸ್ ಸ್ಟೇಷನ್ನಿಗೆ ಕರ್ಕೊಂಡು ಹೋದೋನು ಅವನೇ. ಎಂತ ಹೇಳ್ಬೇಕು ಅಂತ ದಾರಿ ಉದ್ದಕ್ಕೂ ಹೇಳಿಕೊಟ್ಟ."

ದಾನಿಯ ಸಾಲಿನಲ್ಲಿ ನಾನೇ ಬರೆದಿದ್ದದ್ದೂ ಅದೇ ಮನೆಯ ಹೆಸರು. ಜಟ್ಟಪ್ಪನವರು ನಮ್ಮ ವಾಚನಾಲಯದ ಸಮಿತಿಯಲ್ಲಿದ್ದರು. ಎರಡು ಸಲ ನನ್ನ ಕೆಲಸ ಮೆಚ್ಚಿ ಬೆನ್ನು ತಟ್ಟಿದ್ದರು. ಅದು ನೆನಪಾಗಿ ನನಗೆ ಬೆನ್ನು ತೊಳೆದುಕೊಳ್ಳಬೇಕು ಅನ್ನಿಸಿತು.

ಪೊಲೀಸರ ಹತ್ತಿರ ಹೋಗೋಣ ಎಂದರೆ ಪ್ರೇಮಕ್ಕ ಒಪ್ಪಲಿಲ್ಲ. "ಕಂಡವರ ಮಾತು ನಂಬಿ ಒಂದ್ಸಲ ಕೆಟ್ಟಿದ್ದೀನಿ. ಕಬ್ಬಿಣಕ್ಕೆ ಕಬ್ಬಿಣ ಇಟ್ಟು ನೋಡ್ತೀನಿ. ಸೋಮವಾರ ಬರ್ತೀನಿ," ಅಂದರು.

ಇಲ್ಲಿ ನಾನೊಂದು ದಡ್ಡತನ ಮಾಡಿದೆ. ಸಿಟ್ಟು ಬಂದರೆ ನನಗೆ ಕಣ್ಣು ಕಾಣುವುದಿಲ್ಲ. ಅವತ್ತೇ ಸಂಜೆ ಜಟ್ಟಪ್ಪನವರ ಮನೆಗೆ ಫೋನ್ ಮಾಡಿದೆ. ಅವರ ಹೆಂಡತಿ ಸರೋಜಮ್ಮ ಎತ್ತಿದರು. ನಾನೇ ಮಾಡಿದ ಫಾರಮ್ಮಿನಲ್ಲಿದ್ದ ಪ್ರಶ್ನೆಯನ್ನೇ ಕೇಳಿದೆ, ಈ ಕತ್ತಿ ಬಳಸುತ್ತಿದ್ದವರು ಯಾರು ಅಂತ. ಪಾಪ, ಅವರಿಗೆ ಏನೂ ಗೊತ್ತಿರಲಿಲ್ಲ.

"ಅದು ಇವರದ್ದೇ ಕಣೇ," ಅಂದರು. "ಮಾವನ ಅಪ್ಪನ ಕಾಲದ್ದು. ತುದಿ ಮುರಿದ ಮೇಲೆ ಆಯುಧ ಪೂಜೆಗೂ ಇಡ್ತಿರಲಿಲ್ಲ, ಎಸೆಯೋಕೂ ಬಿಡ್ತಿರಲಿಲ್ಲ, ಅಟ್ಟಕ್ಕೆ ಸೇರಿಸಿದ್ರು. ಮೇಷ್ಟ್ರು ಬಂದಾಗ ಇವರು ಮನೇಲಿರಲಿಲ್ಲ, ನಾನೇ ಕೊಟ್ಟು ಕಳಿಸ್ದೆ. ಗೊತ್ತಾದಾಗ ಬೈದ್ರು, ಕೊಟ್ಟಿದ್ದನ್ನ ವಾಪಸ್ ಕೇಳೋದು ಹ್ಯಾಗೆ ಅಂತ ಬಿಟ್ರು. ಯಾರಾದ್ರೂ ಕೇಳಿದ್ರನಾ?"

"ಬಾಳೆಹೊನ್ನೂರಲ್ಲಿ ಒಬ್ರು ಗುರುತು ಹಿಡಿದ್ರು," ಅಂದುಬಿಟ್ಟೆ.

ಅಜ್ಜನ ಕತ್ತಿ, ವರ್ಷಾವರ್ಷ ಹೂವಿಟ್ಟು ಕೈಮುಗಿದ ಕತ್ತಿ, ಅದನ್ನು ಹೊಳೆಗೆ ಎಸೆಯಲು ಆ ಮನುಷ್ಯನಿಗೆ ಕೈ ಬಂದಿರಲಿಲ್ಲ. ಸುಬ್ಬಯ್ಯನ ಬೆನ್ನಿಗೆ ಹಾಕಲು ಬಂದಿತ್ತು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಾನು ಮಹಡಿಯ ಬೀಗ ತೆಗೆದು ಕಂಪ್ಯೂಟರ್ ಹಾಕುವಷ್ಟರಲ್ಲಿ ಜಟ್ಟಪ್ಪನವರು ಮೆಟ್ಟಿಲು ಹತ್ತಿ ಬಂದರು. ಬಿಳಿ ಅಂಗಿ, ಬಿಳಿ ಪಂಚೆ. ಬಂದವರೇ ಗೋಡೆಯಿಂದ ಇನ್ನೂರ ಹನ್ನೆರಡನ್ನು ಇಳಿಸಿಕೊಂಡರು.

"ಇದು ನಮ್ಮನೇದು. ವಾಪಸ್ ತಗೊಂಡು ಹೋಗ್ತೀನಿ. ಆ ಫೋಟೋನೂ ಅಳಿಸು."

"ಆಗಲ್ಲ," ಅಂದೆ.

"ಎಂತ ಆಗಲ್ಲ? ನಿನಗೆ ಕೆಲಸ ಕೊಡಿಸಿದೋನು ನಾನು."

"ಕೊಂದದ್ದೂ ನೀವೇ," ಅಂದೆ. ಬಾಯಿಗೆ ಬೀಗ ಹಾಕಿಕೊಳ್ಳುವುದು ನನಗೆ ಯಾವತ್ತೂ ಬಂದಿಲ್ಲ.

ಅವರು ನನ್ನ ಜಡೆ ಹಿಡಿದು ತಲೆಯನ್ನು ಮೇಜಿಗೆ ಬಡಿದರು. ಒಂದು ಸಲ ಅಲ್ಲ, ಮೂರು ಸಲ. ಮುಂದಿನ ಹಲ್ಲು ತುಟಿಯೊಳಗೆ ಹೊಕ್ಕು ಬಾಯಿ ತುಂಬ ರಕ್ತವಾಯಿತು. ಅಳಿಸು, ಅಳಿಸು ಅಂತ ಕಿರುಚುತ್ತಿದ್ದರು. ನಾನು ಕೀಬೋರ್ಡಿನ ಮೇಲೆ ರಕ್ತ ಉಗುಳಿದೆ. ಆಗ ಅವರು ನನ್ನನ್ನು ಪಕ್ಕಕ್ಕೆ ನೂಕಿ, ಕತ್ತಿ ಎತ್ತಿ, ಮಾನಿಟರಿನ ನೆತ್ತಿಗೆ ಹಾಕಿದರು. ಗಾಜು ಢಬ್ಬೆಂದು ಒಡೆದು ಕೋಣೆ ತುಂಬ ಸಿಡಿಯಿತು. ಆಮೇಲೆ ಮೇಜಿನ ಕೆಳಗಿದ್ದ ಕಂಪ್ಯೂಟರಿನ ಡಬ್ಬಿಯನ್ನು ಕಡಿದರು, ಪ್ರಿಂಟರನ್ನು ಕಡಿದರು, ಫೋನಿನ ವಯರನ್ನು ಕಡಿದರು. ತೋಟದಲ್ಲಿ ಕಳೆ ಸವರುವ ಹಾಗೆ ಕಡಿಯುತ್ತಲೇ ಇದ್ದರು.

"ಹೋಯ್ತಾ ಈಗ ಫೋಟೋ? ಹೋಯ್ತಾ?" ಅಂತ ಏದುಸಿರು ಬಿಟ್ಟರು.

ನನಗೆ ನಗು ಬಂತು. ದೇವರಾಣೆ, ಆ ನೋವಿನಲ್ಲೂ ಬಂತು. "ಇದರೊಳಗೆ ಎಲ್ಲಿದೆ ಜಟ್ಟಪ್ಪನೋರೆ? ಅದು ಇಂಟರ್‌ನೆಟ್ಟಲ್ಲಿದೆ, ಬೆಂಗಳೂರಿನ ಇನ್ನೊಂದು ಕಂಪ್ಯೂಟರಲ್ಲಿ. ಅಲ್ಲಿಂದ ಯಾರು ಎಲ್ಲಿ ಕೂತು ತೆರೆದ್ರೂ ಕಾಣ್ತದೆ. ಎಷ್ಟು ಡಬ್ಬಿ ಕಡೀತೀರಿ?"

ಕತ್ತಿಯ ಬೆನ್ನಿನಿಂದ ನನ್ನ ಭುಜಕ್ಕೆ ಹೊಡೆದರು. ನಾನು ಬಿದ್ದೆ. ಅದೇ ಹೊತ್ತಿಗೆ ಪ್ರೇಮಕ್ಕ ಬಾಗಿಲಲ್ಲಿ ನಿಂತಿದ್ದರು, ಸಂಚಿ ಕೈಯಲ್ಲಿತ್ತು. ಅವರ ಹಿಂದೆ ಗದ್ದಲ ಕೇಳಿ ಮೆಟ್ಟಿಲು ಹತ್ತಿದ ಮೇಷ್ಟ್ರು, ಪೇಪರ್ ಓದುತ್ತಿದ್ದ ನಾಲ್ಕೈದು ಜನ. ಪ್ರೇಮಕ್ಕ ಯಾರನ್ನೂ ನೋಡಲಿಲ್ಲ. ಚೂರನ್ನು ಅಂಗೈ ಮೇಲೆ ಇಟ್ಟುಕೊಂಡು ನೇರ ಕತ್ತಿಯ ಕಡೆಗೇ ನಡೆದರು.

"ಆ ಕತ್ತಿ ಈಚೆ ಕೊಡು ಜಟ್ಟಪ್ಪ. ಇದನ್ನ ಅದಕ್ಕಿಟ್ಟು ನೋಡ್ಬೇಕು."

"ನಿನ್ನನ್ನೂ ಅವನ ಜೊತೇನೇ ಕಡೀಬೇಕಿತ್ತು ಅವತ್ತೇ!" ಅಂತ ಜಟ್ಟಪ್ಪ ಕತ್ತಿ ಬೀಸಿದ. ಆ ಮಾತನ್ನು ಬಾಗಿಲಲ್ಲಿದ್ದ ಎಲ್ಲರೂ ಕೇಳಿದರು.

ಇನ್ನು ಮುಂದೆ ಅವನಿಗೆ ಬಹುವಚನ ನನ್ನಿಂದಾಗದು. ಪ್ರೇಮಕ್ಕ ಕೈ ಅಡ್ಡ ಹಿಡಿದರು. ಮೊಣಕೈಯಿಂದ ಮುಂಗೈವರೆಗೆ ಸೀರೆ ಸೀಳಿದ ಹಾಗೆ ಸೀಳಿತು. ರಕ್ತ ನನ್ನ ಮುಖಕ್ಕೆ ಬಿತ್ತು, ಬಿಸಿಯಾಗಿತ್ತು. ಅವನು ಎರಡನೇ ಸಲ ಎತ್ತುವಷ್ಟರಲ್ಲಿ ನನ್ನ ಕೈಗೆ ಮೂವತ್ತೇಳು ಸಿಕ್ಕಿತ್ತು. ಎರಡೂ ಕೈಯಲ್ಲಿ ಹಿಡಿದು ಮಣಿಕಟ್ಟಿಗೆ ಬೀಸಿದೆ. ಮೂಳೆ ಮುರಿದ ಸದ್ದು ಕೇಳಿತು, ಕತ್ತಿ ನೆಲಕ್ಕೆ ಬಿತ್ತು. ಇನ್ನೊಂದು ಹಾಕಿದೆ, ಮೊಣಕಾಲಿಗೆ. ಅದು ಬೇಕಿರಲಿಲ್ಲ, ಆದರೂ ಹಾಕಿದೆ. ಮೇಷ್ಟ್ರು ಬಂದು ಒನಕೆ ಕಿತ್ತುಕೊಳ್ಳದೆ ಹೋಗಿದ್ದರೆ ಮೂರನೆಯದು ತಲೆಗೇ ಬೀಳುತ್ತಿತ್ತು.

ಜಟ್ಟಪ್ಪ ಗಾಜಿನ ಚೂರುಗಳ ಮೇಲೆ ಹೊರಳಾಡುತ್ತಿದ್ದ. ಪ್ರೇಮಕ್ಕ ಅವನ ಪಕ್ಕದಲ್ಲೇ ಕೂತು, ರಕ್ತ ಸೋರುವ ಕೈಯಿಂದಲೇ ಚೂರನ್ನು ಕತ್ತಿಯ ಮುರಿದ ಬಾಯಿಗೆ ಇಟ್ಟರು. ಕೂದಲು ಹಿಡಿಸುವಷ್ಟೂ ಸಂದು ಉಳಿಯಲಿಲ್ಲ. ಅವರು ಗಂಡನ ಹೆಸರು ಹೇಳಿ ಅಳುತ್ತಾರೆ ಅಂದುಕೊಂಡಿದ್ದೆ. "ಅಣ್ಣಾ" ಅಂತ ಕಿರುಚಿದರು.

ಪೊಲೀಸರು ಬಂದರು. ಜಟ್ಟಪ್ಪನನ್ನೂ ಕತ್ತಿಯನ್ನೂ ಚೂರನ್ನೂ ಒಯ್ದರು. ನನಗೆ ತುಟಿಗೆ ನಾಲ್ಕು ಹೊಲಿಗೆ, ಪ್ರೇಮಕ್ಕನ ಕೈಗೆ ಹತ್ತೊಂಬತ್ತು. ಮಾರನೇ ದಿನ ಆಸ್ಪತ್ರೆಯಿಂದ ಹೊರಬಿದ್ದವರು ಮನೆಗೆ ಹೋಗಲು ಒಪ್ಪಲಿಲ್ಲ. ಕೆರೆಕಟ್ಟೆಗೆ ಹೋಗಬೇಕು ಅಂದರು. ಜೈಲಿನಿಂದ ಬಂದ ಮೇಲೆ ತಿಮ್ಮಪ್ಪ ಅಲ್ಲಿ ಒಬ್ಬನೇ ಇದ್ದ, ಕಾಡಿನ ಕೆಲಸ ಮಾಡಿಕೊಂಡು. ಅಣ್ಣನಿಗೆ ತೋರಿಸಲು ಕತ್ತಿ ಇಲ್ಲ, ಚೂರೂ ಇಲ್ಲ. ಸುರುಳಿಯಲ್ಲಿದ್ದ ಹಾಳೆ ಮಾತ್ರ ಇತ್ತು. ನಾನೂ ಜೊತೆಗೆ ಹೊರಟೆ. ಶೃಂಗೇರಿಯಲ್ಲಿ ಕೆರೆಕಟ್ಟೆಯ ಬಸ್ಸಿಗೆ ಎರಡು ಗಂಟೆ ಕಾದೆವು. ಪ್ರೇಮಕ್ಕ ನೀರೂ ಕುಡಿಯಲಿಲ್ಲ.

ತಿಮ್ಮಪ್ಪ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ. ತಂಗಿಯನ್ನು ನೋಡಿದ. ಕೊಡಲಿ ನಿಲ್ಲಿಸಲಿಲ್ಲ. ಪ್ರೇಮಕ್ಕ ಹಾಳೆಯನ್ನು ಅವನ ಕಾಲ ಬುಡದಲ್ಲಿ ಬಿಚ್ಚಿ, ನಾಲ್ಕು ಕಲ್ಲು ಇಟ್ಟು, ನಡೆದದ್ದನ್ನೆಲ್ಲ ಹೇಳಿದರು. ಮುರಿದ ತುದಿ ಎಲ್ಲಿ ಕೂತಿತು ಅಂತ ಬೆರಳಿಟ್ಟು ತೋರಿಸಿದರು. ಗುರುತು ತೋರಿಸಿದರು. ಆಮೇಲೆ ಸೆರಗು ಹೆಗಲಿಂದ ಸರಿಸಿ ಬೆನ್ನು ಬಗ್ಗಿಸಿ ಕೂತರು.

"ಹೊಡಿ ಅಣ್ಣ. ಸಾಯೋವಷ್ಟು ಹೊಡಿ. ನಾನು ಅಡ್ಡ ಕೈ ಹಿಡಿಯಲ್ಲ."

ತಿಮ್ಮಪ್ಪನ ಮುಖ ಕೆಂಪಾಯಿತು. ಕುತ್ತಿಗೆಯ ನರ ಉಬ್ಬಿ ಬಂತು. ಕೊಡಲಿ ಮೇಲೆ ಹೋಯಿತು. ಅದು ಅವರ ಪಕ್ಕದಲ್ಲಿದ್ದ ದಿಮ್ಮಿಗೆ ಬಿತ್ತು. ಮತ್ತೆ ಎತ್ತಿದ, ಮತ್ತೆ ಹಾಕಿದ. ಚಕ್ಕೆಗಳು ಪ್ರೇಮಕ್ಕನ ಕೆನ್ನೆಗೆ ಬಡಿದು ರಕ್ತ ಬಂತು, ಅವರು ಅಲ್ಲಾಡಲಿಲ್ಲ. ಹದಿನಾಲ್ಕು ವರ್ಷದ್ದನ್ನೆಲ್ಲ ಆ ದಿಮ್ಮಿಯ ಮೇಲೆ ತೀರಿಸುವವನ ಹಾಗೆ ಕಡಿದ.

"ನಿನ್ನ ಮೇಲೆ ಕೈ ಎತ್ತಿದ್ರೆ ನೀ ಕೋರ್ಟಲ್ಲಿ ಹೇಳಿದ್ದು ನಿಜ ಆಗ್ತದೆ," ಅಂದ. ಆಮೇಲೆ ನನ್ನ ಕಡೆ ನೋಡಿದ. "ಇದು ಎಲ್ರೂ ನೋಡೋ ಜಾಗದಲ್ಲಿ ಇದ್ಯಾ?"

"ಇದೆ. ಕತ್ತಿ ಪೊಲೀಸರ ಹತ್ರ ಇದ್ರೂ ಇದು ಇರ್ತದೆ."

"ಹಂಗಾದ್ರೆ ಅದರ ಕೆಳಗೆ ಬರಿ. ಇದು ತಿಮ್ಮಪ್ಪನ ಕತ್ತಿ ಅಲ್ಲ ಅಂತ." ಹೇಳಿ ಬೆನ್ನು ತಿರುಗಿಸಿ ಇನ್ನೊಂದು ದಿಮ್ಮಿ ಎಳೆದುಕೊಂಡ.

ಚೀಲದಿಂದ ಫಾರಂ ತೆಗೆದೆ, ಮೊಣಕಾಲ ಮೇಲಿಟ್ಟು ಬರೆದೆ. ಸಂಖ್ಯೆ 212. ಕತ್ತಿ, ತುದಿ ಮುರಿದಿದೆ. ಇದು ತಿಮ್ಮಪ್ಪನ ಕತ್ತಿ ಅಲ್ಲ. ಕೊನೆಯಲ್ಲಿ ಒಂದು ಸಾಲು ಖಾಲಿ ಉಳಿಯಿತು.

"ಮಾಹಿತಿ ಕೊಟ್ಟವರು ಅಂತ ಇದೆ," ಅಂದೆ. "ಯಾರ ಹೆಸರು ಹಾಕಲಿ?"

ತಿಮ್ಮಪ್ಪ ಕೇಳಿಸದವನ ಹಾಗೆ ಕೊಡಲಿ ಹಾಕುತ್ತಲೇ ಇದ್ದ. ಪ್ರೇಮಕ್ಕ ಕೆನ್ನೆಯ ರಕ್ತವನ್ನು ಸೆರಗಿನಿಂದ ಒರೆಸಿಕೊಂಡರು.

"ನನ್ನ ಹೆಸರು ಹಾಕು. ಪ್ರೇಮ."

ಬರೆದೆ. ಅವರು ಬಗ್ಗಿ ಅದನ್ನೇ ನೋಡಿದರು.

"ಬರೀ ಪ್ರೇಮ ಅಂದ್ರೆ ಯಾರು ಅಂತ ಜನಕ್ಕೆ ಹ್ಯಾಗೆ ಗೊತ್ತಾಗ್ತದೆ?" ಅಂದರು. "ತಿಮ್ಮಪ್ಪನ ತಂಗಿ ಅಂತ ಬರಿ."

ಕೊಡಲಿಯ ಸದ್ದು ನಿಂತಿತು. ನಾನು ತಲೆ ಎತ್ತದೆ ಬರೆದೆ.