ಸಿನಿಮಾಕ್ಕೆ ಹೋದ ಜಗಳಗಳು

ಹತ್ತು ವರ್ಷ ಅವಳ ಗಂಡ ಬೇರೆಯವರ ಸಿನಿಮಾಗಳಿಗೆ ಹೆಸರಿಲ್ಲದೆ ಸಂಭಾಷಣೆ ಬರೆದ. ಅವಳು ಕೃತಕ ಹಲ್ಲು ಮಾಡುವ ಲ್ಯಾಬಿನಲ್ಲಿ ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿ ಮನೆ ನಡೆಸಿದಳು. ಕೊನೆಗೂ ಅವನ ಹೆಸರಲ್ಲೇ ಒಂದು ಸಿನಿಮಾ ಬಂತು. ಗಂಡ ಹೆಂಡತಿ ಕಿತ್ತಾಡಿ ಕಿತ್ತಾಡಿ ಒಂದಾಗುವ ಕಥೆ. ಜಗಳಗಳೆಲ್ಲ ಅವರ ಮನೆಯವೇ. ಜನ ಹೊಟ್ಟೆ ಹಿಡಿದು ನಕ್ಕರು. ಮೊದಲ ದಿನ ಅವಳೂ ನಕ್ಕಳು, ಪಕ್ಕದಲ್ಲಿದ್ದವನ ತೋಳು ಚಿವುಟಿ.

ನೂರನೇ ದಿನದ ಹೊತ್ತಿಗೆ ಅವಳ ನಗು ನಿಂತುಹೋಗಿತ್ತು. ಲ್ಯಾಬಿಗೆ ಬಂದ ಡಾಕ್ಟರು, "ಏನಮ್ಮಾ, ಜಗಳಕ್ಕೂ ಟೈಮ್ ಕೇಳ್ಕೊಂಡು ಬರ್ಬೇಕಾ?" ಅಂತ ಸಿನಿಮಾದ ಮಾತನ್ನೇ ಎತ್ತಿ ಆಡಿದರು. ಅದು ಹಿಂದೊಮ್ಮೆ ಅವಳು ಅಳುತ್ತಾ ಗಂಡನಿಗೆ ಆಡಿದ್ದ ಮಾತು. ಮನೆಯಲ್ಲಿ ಬಾಯಿ ಬಿಡಲೇ ಭಯವಾಯಿತು. ಏನಂದರೂ ಅವನ ಕೈ ಜೇಬಿನ ಪುಸ್ತಕಕ್ಕೆ ಹೋಗುತ್ತಿತ್ತು. "ಯಾಕೆ ಸುಮ್ನಿದ್ದೀಯ?" ಅಂತ ಕೇಳಿದವನು ಅದನ್ನೂ ಬರೆದುಕೊಂಡ.

ಒಂದು ಭಾನುವಾರ ಬೆಳಿಗ್ಗೆ ಮೇಜು ಒರೆಸುವಾಗ ಸಿನಿಮಾದ ಎರಡನೇ ಭಾಗದ ಹಾಳೆಗಳು ಕಣ್ಣಿಗೆ ಬಿದ್ದವು. ಅಪ್ಪ ಹೋದ ಸುದ್ದಿ ಫೋನಿನಲ್ಲಿ ಬಂದ ದಿನ ಅವಳು ತೊಳೆದ ಪಾತ್ರೆಗಳನ್ನೇ ಒಂದು ಗಂಟೆ ತೊಳೆದಿದ್ದಳು. ಅವನೇ ಬಂದು ನಲ್ಲಿ ನಿಲ್ಲಿಸಿ ಒದ್ದೆ ಕೈ ಹಿಡಿದುಕೊಂಡಿದ್ದ. ಹಾಳೆಯಲ್ಲಿ ಒಬ್ಬ ಹೆಂಗಸು ಪಾತ್ರೆಯ ಜೊತೆ ಫೋನಿಗೂ ಸೋಪು ಹಚ್ಚುತ್ತಿದ್ದಳು. ಪಕ್ಕದಲ್ಲಿ ಅವನ ಅಕ್ಷರ: ಇಲ್ಲಿ ದೊಡ್ಡ ನಗು.

ಸ್ನಾನ ಮುಗಿಸಿ ಬಂದವನ ಮುಂದೆ ಹಾಳೆ ಹಿಡಿದಳು. "ಓದಿ."

"ಅದು... ನಕ್ಕ ಮೇಲೆ ಜನ ಅಳ್ತಾರೆ ಕಣೆ."

"ಗಟ್ಟಿಯಾಗಿ ಓದಿ ಅಂದೆ."

ಓದತೊಡಗಿದ. ನಲ್ಲಿ ನಿಲ್ಲಿಸುವ ಸಾಲು ಬರುತ್ತಲೇ ಓದು ನಿಲ್ಲಿಸಿದ.

"ಅವತ್ತು ನನ್ನ ಕೈ ಹಿಡ್ಕೊಂಡಿದ್ದು ನನ್ನ ಗಂಡನಾ, ಸಿನಿಮಾದವನಾ? ಅಷ್ಟು ಹೇಳ್ಬಿಡಿ ಸಾಕು."

ಅವನು ಹಾಳೆ ಮಡಚಿಟ್ಟ. "ಗಂಡನೇ. ಇನ್ನೊಬ್ಬ ಆಮೇಲೆ ಬಂದ. ಯಾವಾಗ ಬಂದ ಅಂತ ನಂಗೂ ಗೊತ್ತಾಗ್ಲಿಲ್ಲ."

ಅವಳೆದುರೇ ನಿರ್ಮಾಪಕರಿಗೆ ಫೋನ್ ಮಾಡಿದ. "ಸಾರ್, ಪಾತ್ರೆ ಸೀನ್ ಬೇಡ."

"ಹೀರೋಯಿನ್ ಒಪ್ಪಿದ್ದೇ ಆ ಸೀನ್ ಕೇಳಿ ಕಣ್ರೀ!" ಆ ಕಡೆಯ ಗದರಿಕೆ ಅವಳಿಗೂ ಕೇಳಿಸಿತು. "ಕೊಡಲ್ಲ ಅಂದ್ರೆ ಬೇರೆಯವರ ಹತ್ರ ಬರೆಸ್ತೀನಿ."

"ಬರೆಸ್ಕೊಳ್ಳಿ. ಈ ಸೀನ್ ಮಾತ್ರ ಯಾರಿಗೂ ಕೊಡಲ್ಲ. ಅದು ನನ್ನದಲ್ಲ."

ಎರಡನೇ ಭಾಗ ಬೇರೆಯವರ ಹೆಸರಲ್ಲಿ ಬಂತು, ಆ ಸೀನಿಲ್ಲದೆ. ಅವನು ಮತ್ತೆ ಹೆಸರಿಲ್ಲದ ಕೆಲಸಕ್ಕೆ ಮರಳಿದ. ಅವಳಿಗೆ ಸಮಾಧಾನವೇನೂ ಆಗಲಿಲ್ಲ. ಅವನ ಮುಖ ನೋಡಿದಾಗ ಪಾಪ ಅನ್ನಿಸುತ್ತಿತ್ತು, ಹಾಳೆ ನೆನಪಾದರೆ ಸಿಟ್ಟು ನೆತ್ತಿಗೇರುತ್ತಿತ್ತು. ತಿಂಗಳುಗಟ್ಟಲೆ ಬೇಕು ಬೇಡ ಅಷ್ಟೇ ಮಾತು.

ಒಂದು ಸಂಜೆ ತಾನಾಗಿಯೇ ಬಾಯಿಬಿಟ್ಟಳು. "ಇವತ್ತೊಬ್ಬ ಅಜ್ಜ ಬಂದಿದ್ರು. ಮುಂದಿನ ಹಲ್ಲಿನ ಸಂದು ಮೊದಲಿದ್ದ ಹಾಗೇ ಬೇಕಂತೆ. ಇಲ್ಲಾಂದ್ರೆ ಅಜ್ಜಿ ಗುರುತು ಹಿಡಿಯಲ್ಲ ಅಂತ ಹಟ."

ಅವನು ಜೇಬಿಗೆ ಕೈ ಹಾಕದೆ ಹುಷಾರಾಗಿ ಕೇಳಿದ, "ಸಂದು ಬಿಟ್ಟೆಯಾ?"

"ಬಿಟ್ಟೆ. ಮೂರು ಸಲ ಕಿತ್ತು ಕೂರಿಸಿದೆ," ಅಂದು ಅವನ ಎದುರಿನ ಕುರ್ಚಿ ಎಳೆದುಕೊಂಡಳು.