ಬುಕ್ಕಸಾಗರದ ಎರ್ರೆಮ್ಮನಿಗೆ ಬಂದ ಲಕೋಟೆ

ಹೊಸಪೇಟೆಯ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದ ಹೊಳೆಮ್ಮನಿಗೆ ವೈದ್ಯರ, ವಿಜ್ಞಾನಿಗಳ ಚಿತ್ರವಿರುವ ಸ್ಟಾಂಪು ಕೂಡಿಸುವ ಹುಚ್ಚು. ಪಾಂಡಿಚೇರಿಯ ಗೆಳತಿ ಫ್ರೆಂಚರ ಸ್ಟಾಂಪು ಕಳಿಸುತ್ತಿದ್ದಳು. ಹುಚ್ಚುನಾಯಿ ಕಡಿತಕ್ಕೆ ಮದ್ದು ತಂದ ಪಾಶ್ಚರನ ಗಡ್ಡದ ಮುಖ ಮೂರು ಬಣ್ಣಗಳಲ್ಲಿತ್ತು; ರೇಡಿಯಂ ಕಂಡುಹಿಡಿದ ಕ್ಯೂರಿ ದಂಪತಿ ನೀಲಿಯಲ್ಲಿದ್ದರು.

೧೯೪೦ರಲ್ಲಿ ಊರಲ್ಲಿ ಸ್ಟಾಂಪು ಪ್ರದರ್ಶನ ನಡೆಯಲಿದೆ ಎಂದಾಗ ಆಲ್ಬಂ ಮೊದಲೇ ಒಯ್ದು ತೋರಿಸಿದಳು. ನಡೆಸುತ್ತಿದ್ದವರು ನಿವೃತ್ತ ಮಾಸ್ತರ ಕೊಟ್ರಬಸಪ್ಪ. ಹಾಳೆ ತಿರುವುತ್ತ ಮೆಚ್ಚಿದರು. ಕೊನೆಯದು ಖಾಲಿಯಿತ್ತು.

"ಇದು ಯಾರಿಗವ್ವ?"

"ಬುಕ್ಕಸಾಗರದ ಎರ್ರೆಮ್ಮಗ್ರಿ."

ಹಿಂದೆ ಪ್ಲೇಗಿನ ವರ್ಷ ಬುಕ್ಕಸಾಗರದ ಜನ ಊರು ಬಿಟ್ಟು ಹೊಲದ ಗುಡಿಸಲು ಸೇರಿದ್ದರು. ರೋಗ ಹೊಕ್ಕ ಗುಡಿಸಲಿನ ಬಾಗಿಲಿಗೂ ಯಾರೂ ಸುಳಿಯದಿದ್ದಾಗ ಎರ್ರೆಮ್ಮ ಒಬ್ಬಳೇ ಒಳಹೋಗಿ ಹನ್ನೊಂದು ಹೆರಿಗೆ ಮಾಡಿಸಿದ್ದಳು. ಯಾರೂ ಕಲಿಸಿರಲಿಲ್ಲ, ಆದರೂ ಕುಡುಗೋಲನ್ನು ಕುದಿಯುವ ನೀರಿಗೆ ಹಾಕದೆ ಹೊಕ್ಕುಳಬಳ್ಳಿ ಕೊಯ್ದವಳಲ್ಲ. ಆ ಹನ್ನೊಂದು ಕೂಸುಗಳಲ್ಲಿ ಹೊಳೆಮ್ಮನೂ ಒಬ್ಬಳು.

ಇದನ್ನೆಲ್ಲ ಅವಳ ಬಾಯಲ್ಲಿ ಕೇಳಿ ಕೊಟ್ರಬಸಪ್ಪ ನಕ್ಕರು. "ಸೂಲಗಿತ್ತಿಗೆ ಯಾವ ಸರಕಾರ ಸ್ಟಾಂಪು ಹೊಡೀತೈತಿ? ಆ ಹಾಳಿ ತಗದು ಬಾ."

"ತಗಿಯಂಗಿಲ್ರಿ," ಎಂದು ಹೊಳೆಮ್ಮ ಎದ್ದು ಬಂದಳು.

ಮನೆಯಲ್ಲಿ ಕೂತು ಲಕೋಟೆಯ ಎಡಬದಿಗೆ ಎರ್ರೆಮ್ಮನ ಮುಖ ಬರೆದಳು. ಕೆಳಗೆ, 'ಪ್ಲೇಗಿನಲ್ಲಿ ಹನ್ನೊಂದು ಹೆರಿಗೆ ಮಾಡಿಸಿದಾಕೆ.' ಬಲಬದಿಗೆ ಎರ್ರೆಮ್ಮನ ವಿಳಾಸ, ಮೇಲೆ ಸ್ಟಾಂಪು. ಅಂಚೆಯ ಠಸ್ಸೆ ಬಿದ್ದರೆ ಖಾಲಿ ಹಾಳೆಗೆ ಈ ಲಕೋಟೆಯನ್ನೇ ಅಂಟಿಸಬಹುದು.

ಅಂಚೆ ಗುಮಾಸ್ತ ಸುಂಕಪ್ಪ ಮುಖ ಸಿಂಡರಿಸಿದ. "ಗೊಂಬಿ ಬರದ ಲಕೋಟಿ ನಡಿಯಂಗಿಲ್ಲ."

"ಸ್ಟಾಂಪು ಹಚ್ಚೀನಿ, ವಿಳಾಸ ಐತಿ. ನಡಿಯಂಗಿಲ್ಲ ಅಂತ ಎಲ್ಲಿ ಬರದೈತಿ, ತೋರಸ್ರಿ."

ಅವನು ನಿಯಮದ ಪುಸ್ತಕ ಮಗುಚಿ ಹಾಕಿದ. ಸಿಗಲಿಲ್ಲ. ಸಿಟ್ಟಿಗೆ ಕುಟ್ಟಿದ ಠಸ್ಸೆ ಒಂದಕ್ಷರವೂ ಮಾಸದಂತೆ ಮೂಡಿತು.

ವಾರ ಬಿಟ್ಟು ಹೊಳೆಮ್ಮ ಬುಕ್ಕಸಾಗರಕ್ಕೆ ಹೋಗಿ ಲಕೋಟೆ ಕೇಳಿದಳು. ಎರ್ರೆಮ್ಮ ಅದನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

"ನನ್ನ ಹೆಸರಿಗೆ ಬಂದದ್ದು ನಿನಗ್ಯಾಕ ಕೊಡ್ಲಿ? ಎಪ್ಪತ್ತು ವರ್ಷಕ್ಕ ಮೊದಲ್ನೇ ಸಲ ನನಗ ಟಪಾಲು ಬಂದೈತಿ. ಮೂಗು ಮಾತ್ರ ಭಾಳ ದಪ್ಪ ಬರದೀ."

ಎಷ್ಟು ಬೇಡಿದರೂ ಮುದುಕಿ ಜಗ್ಗಲಿಲ್ಲ. ಹೊಳೆಮ್ಮನಿಗೆ ನಗು ಬಂತು. "ಹಂಗಾರ ನೀನ ಬಾ."

ಪ್ರದರ್ಶನದ ದಿನ ಎರ್ರೆಮ್ಮ ಬಂಡಿಯಿಂದಿಳಿದು ನೆಟ್ಟಗೆ ಒಳಗೆ ನಡೆದಳು. ಖಾಲಿ ಹಾಳೆ ತೆಗೆಯದೆಯೇ ಹೊಳೆಮ್ಮ ತಂದಿಟ್ಟಿದ್ದ ಆಲ್ಬಂನ ಮೇಜಿಗೆ ಕುರ್ಚಿ ಎಳೆದುಕೊಂಡು, ಲಕೋಟೆಯನ್ನು ಎದೆಗೆ ಹಿಡಿದು ಕೂತಳು. ಕೊಟ್ರಬಸಪ್ಪ ಓಡಿ ಬಂದರು.

"ಏಳವ್ವ, ಇದು ಕುಂದ್ರೋ ಜಾಗ ಅಲ್ಲ."

"ಯಾಕಪ್ಪಾ?" ಎರ್ರೆಮ್ಮ ಆಲ್ಬಂನ ಪಾಶ್ಚರನತ್ತ ಬೆರಳು ಮಾಡಿದಳು. "ಈ ಗಡ್ಡದಾಂವ ಕುಂತಾನಲ್ಲ!"

ಸುತ್ತಲಿದ್ದವರು ಗೊಳ್ಳೆಂದರು. ಮಾಸ್ತರರು ಹೊಳೆಮ್ಮನತ್ತ ಕಣ್ಣು ಕೆಂಪಗೆ ಮಾಡಿದರು. ಅವಳು ಮತ್ತೊಂದು ಕುರ್ಚಿ ಎಳೆದು ಮುದುಕಿಯ ಪಕ್ಕದಲ್ಲೇ ಕೂತಳು.

ಬಹುಮಾನ ಸಂಡೂರಿನ ಒಬ್ಬ ವಕೀಲರಿಗೆ ಹೋಯಿತು. ಅದನ್ನು ಕೊಡುವಾಗ ಚಪ್ಪಾಳೆ ತಟ್ಟಲು ಜನ ಸಾಲಲಿಲ್ಲ. ಅರ್ಧಕ್ಕರ್ಧ ಮಂದಿ ಈ ಮೇಜಿನ ಸುತ್ತ ನಿಂತು, ಅಡ್ಡ ತಿರುಗಿದ್ದ ಕೂಸನ್ನು ಎರ್ರೆಮ್ಮ ಹೇಗೆ ಹೊರತಂದಳೆಂದು ಕೇಳುತ್ತಿದ್ದರು.