ಮೂರನೆಯ ಹೆಸರು

ಸಿಂಧನೂರಿನ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಕಲಿಸುತ್ತೇನೆ. ಅಮೆರಿಕದಲ್ಲಿ ಮೂರನೇ ಪಕ್ಷಕ್ಕೆ ಭವಿಷ್ಯವಿದೆಯೇ ಎಂಬ ಪಾಠ ಬಂದಾಗಲೆಲ್ಲ ನನಗೆ ಪಿತ್ತ ನೆತ್ತಿಗೇರುತ್ತಿತ್ತು. ಎರಡೂ ಪಕ್ಷ ಸಾಕಾಗಿದೆ, ಮೂರನೆಯದು ಬೇಕು ಎಂದು ಅಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಮೀಕ್ಷೆಗಳಲ್ಲಿ ಹೇಳುತ್ತಾರೆ. ಮತ ಹಾಕುವ ದಿನ ಮಾತ್ರ, ಅವನು ಬಂದುಬಿಟ್ಟರೆ ಎಂಬ ಭಯಕ್ಕೆ ಇವನಿಗೆ ಒತ್ತಿ ಬರುತ್ತಾರೆ. "ಅಷ್ಟು ದೊಡ್ಡ ದೇಶ, ಚೂರು ಧೈರ್ಯ ಇಲ್ಲ!" ಎಂದು ನಾನು ಮೇಜು ಕುಟ್ಟಿ ಬೈಯುತ್ತಿದ್ದೆ.

ಹೋದ ಪಂಚಾಯ್ತಿ ಚುನಾವಣೆಗೆ ನಮ್ಮವ್ವ ಮುದುಕಮ್ಮ ನಿಂತಳು. ನಮ್ಮೂರು ಬಳಗಾನೂರಿನ ಆಚೆ, ಕಾಲುವೆಯ ದಂಡೆಗೆ. ಅವ್ವ ಭತ್ತ ನಾಟಿ ಮಾಡುವ ಹೆಂಗಸರ ಗುಂಪಿಗೆ ಮುಂದಾಳು. ಐದು ವರ್ಷ ಸದಸ್ಯನಾಗಿದ್ದ ಗುರುಬಸವ ಊರಿನ ಶುದ್ಧ ನೀರಿನ ಘಟಕಕ್ಕೆ ಬೀಗ ಜಡಿಸಿ, ಅಳಿಯನ ಟ್ಯಾಂಕರ್ ನೀರು ಮಾರಿಸಿದ. ಅವನ ಎದುರಾಳಿ ಗಾಳೆಪ್ಪ ಅದೇ ಟ್ಯಾಂಕರಿನಲ್ಲಿ ಪಾಲುದಾರ, ತುಟಿ ಪಿಟಕ್ಕೆನ್ನಲಿಲ್ಲ. ಔಷಧಿ ಹೊಡೆದ ಗದ್ದೆಯ ನೀರು ಬಸಿಯುವ ಕಾಲುವೆಯಲ್ಲೇ ನಮ್ಮವರು ಕೊಡ ತುಂಬಿದರು. ಇಬ್ಬರ ಮುಖಕ್ಕೂ ಉಗಿಯಬೇಕು ಅನಿಸುತ್ತಿತ್ತು ನನಗೆ.

"ಆ ಕೀಲಿ ಒಡಸೂದು ಒಂದೇ ನನ್ನ ಕೆಲಸ" ಎಂದಳು ಅವ್ವ.

ನಾಟಿಯ ಗುಂಪಿನಲ್ಲಿ ಒಂದು ಪದ್ಧತಿಯಿದೆ. ಯಾರ ಗದ್ದೆಗೆ ಮೊದಲು ಇಳಿಯಬೇಕು, ಯಾರ ಗದ್ದೆಗೆ ಕಾಲಿಡಬಾರದು ಎಂಬುದನ್ನು ಮೊದಲ ಸಸಿಯ ಕಟ್ಟು ಹಿಡಿದು ಒಪ್ಪುತ್ತಾರೆ. ಹಾಗೆ ಒಪ್ಪಿದ ಮಾತನ್ನು ಅದುವರೆಗೆ ಯಾರೂ ಮುರಿದಿರಲಿಲ್ಲ. ಆ ಸಲ ಓಟಿಗಾಗಿ ಕಟ್ಟು ಕೈಯಿಂದ ಕೈಗೆ ದಾಟಿತು.

"ನಮ್ಮ ಮನ್ಯಾಗಿನ ಆರೂ ಓಟು ನಿಂದೇ, ಅಕ್ಕಾ" ಎಂದಳು ಚಾಂದ್‌ಬೀ. ದುರ್ಗಾದೇವಿಯೂ ಹಿಡಿದಳು. ಬದುವಿನ ಮೇಲೆ ನಿಂತಿದ್ದ ನಾನೂ ಹಿಡಿದೆ.

ಎಣಿಕೆ ಮುಗಿದಾಗ ಗಾಳೆಪ್ಪನಿಗೆ ನೂರಾ ಎರಡು, ಗುರುಬಸವನಿಗೆ ತೊಂಬತ್ತೇಳು, ಅವ್ವನಿಗೆ ಐವತ್ತೊಂದು.

ಅವತ್ತು ಸಂಜೆ ನಮ್ಮ ಮನೆಯಂಗಳ ತುಂಬಿತು. ಮೊದಲು ಚಾಂದ್‌ಬೀ ಅತ್ತಳು. "ತಪ್ಪಾತಕ್ಕ. ಗುರುಬಸವ ಮತ್ತ ಬಂದಾನಂತ ಅಂಜಿ ಗಾಳೆಪ್ಪಗ ಒತ್ತೀವಿ. ಕಟ್ಟು ಹಿಡದೋರೆಲ್ಲ ನಿನಗ ಹಾಕೇ ಹಾಕ್ತಾರ, ನಮ್ಮವು ಆರು ಹೋದ್ರ ಏನಾತು ಅಂದ್ಕೊಂಡ್ವಿ."

ದುರ್ಗಾದೇವಿಯ ಮನೆಯವರು ಗಾಳೆಪ್ಪನಿಗೆ ಹೆದರಿ ಗುರುಬಸವನಿಗೆ ಹಾಕಿದ್ದರಂತೆ. ಆಮೇಲೆ ಬಂದವರೆಲ್ಲರದೂ ಇದೇ ಹಾಡು. ನಾನು ಮೂಲೆಯಲ್ಲಿ ನಿಂತು ಒಂದೊಂದು ಮನೆಯ ಓಟು ಎಣಿಸುತ್ತ ಹೋದೆ. ಅರವತ್ತು ದಾಟಿತು. ಅವಿಷ್ಟೂ ಬಿದ್ದಿದ್ದರೆ ನಮ್ಮವ್ವ ಗೆದ್ದಿರುತ್ತಿದ್ದಳು! ನನ್ನ ಮೈಯೆಲ್ಲ ಉರಿದುಹೋಯಿತು.

"ಈಗ ಅಳಾಕ ಬಂದೀರೇನು? ನಾಚಿಕಿ ಬರೂದಿಲ್ಲ ನಿಮಗ? ಇನ್ನೈದು ವರ್ಷ ಅದೇ ವಿಷ ಕುಡೀರಿ!" ಎಂದು ಕೂಗಿದೆ.

"ಸುಮ್ಕಿರು, ನಂದಿನಿ" ಎಂದಳು ಅವ್ವ. "ಅಂಜಿಕಿಗೆ ಮಾಡ್ಯಾರ, ಅವರನ್ನ್ಯಾಕ ಬೈತಿ? ನೀ ಓದಿದಾಕಿ, ನೀ ನನಗ ಹಾಕೀಯಲ್ಲ, ಸಾಕು."

ನಾನು ನೆಲ ನೋಡಿದೆ. ಅವ್ವ ನನ್ನ ಮುಖವನ್ನೇ ನೋಡಿದಳು. ಅಂಗಳದವರೂ ನೋಡಿದರು.

"ಗಾಳೆಪ್ಪಗ ಹಾಕಿದ್ನಿ, ಅವ್ವಾ" ಎಂದೆ. "ನೀ ಹೆಂಗೂ ಗೆಲ್ಲೂದಿಲ್ಲ, ಗುರುಬಸವನಾದ್ರೂ ಸೋಲಲಿ ಅಂತ..."

ಬೈದಿದ್ದರೆ, ಎರಡು ಏಟು ಹಾಕಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಮೆಲ್ಲಗೆ ಕೇಳಿದಳು:

"ನಾ ಗೆಲ್ಲೂದಿಲ್ಲಂತ ನಿನಗ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ.